ಮಂಡಿ ಕೆಳಗಿನ ದಿಂಬು

ನಮ್ಮಮ್ಮ ಅಂಜಿನಮ್ಮನಿಗೆ ಬಾಣಂತನ ಮಾಡುವುದೆಂದರೆ ಪ್ರಾಣ. ನಾವು ಬಿನ್ನಿಪೇಟೆಯಲ್ಲಿ ಮಿಲ್ಲಿನ ಸಾಲುಮನೆಯಲ್ಲಿದ್ದಾಗ ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳಿಗೇ ಕರೆ ಬರುತ್ತಿತ್ತು. ಎಣ್ಣೆ ಒತ್ತಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ತಲೆಗೆ ಬಟ್ಟೆ ಬಿಗಿದು ಮಲಗಿಸಿದಳೆಂದರೆ ಮುಗಿಯಿತು, ಆ ಹೆಂಗಸು ಅಮ್ಮ ಹೇಳುವ ತನಕ ನೆಲಕ್ಕೆ ಕಾಲಿಡುವಂತಿಲ್ಲ. ಎಂಬತ್ತು ದಾಟಿದರೂ ಆ ಗತ್ತು ಹೋಗಿಲ್ಲ. ಈ ಸಲ ಮನೆಯಲ್ಲಿ ಬಾಣಂತಿ ಯಾರೂ ಇರಲಿಲ್ಲ, ಮಂಡಿಗೆ ಆಪರೇಷನ್ ಆದ ಹತ್ತು ವರ್ಷದ ಮಗು ಸಿಕ್ಕಿತು. ಬಿಟ್ಟಾಳೆಯೇ?

ಮಗು ಅಂದರೆ ನನ್ನ ತಮ್ಮ ಪ್ರಸನ್ನನ ಮಗಳು ರಂಜಿನಿ. ಸೈಕಲ್ಲಿಂದ ಬಿದ್ದು ಮಂಡಿಯೊಳಗಿನ ಎಲುಬಿನ ಚೂರೊಂದು ಕಿತ್ತು ಬಂದಿತ್ತು. ಚಾಮರಾಜಪೇಟೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಬದರೀನಾರಾಯಣ ಅದನ್ನು ಸ್ಕ್ರೂ ಹಾಕಿ ಕೂರಿಸಿದರು. ಹೊಲಿಗೆ ಹಾಕಿದ ಕಡೆ ಸ್ವಲ್ಪ ಕೀವು ಕಂಡಿತು ಅಂತ ಇಂಜೆಕ್ಷನ್ನಿಗಾಗಿ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಆಪರೇಷನ್ನಿನ ಮಾರನೇ ದಿನವೇ ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದರು.

"ಸ್ಕ್ರೂ ಗಟ್ಟಿಯಾಗಿ ಕೂತಿದೆ. ಇನ್ಮೇಲೆ ದಿನಾ ಮಂಡಿ ಮಡಚ್ಬೇಕು, ನೆಟ್ಟಗೆ ಚಾಚ್ಬೇಕು. ನೋಯತ್ತೆ, ಮಗು ಅಳತ್ತೆ. ಅಳ್ಲಿ. ನಾನು ಮಾಡಿದ್ದು ಅರ್ಧ ಕೆಲಸ, ಮಿಕ್ಕಿದ್ದು ನಿಮ್ಮದು."

ಎಲ್ಲರೂ ಹೂಂ ಅಂದೆವು. ಅಮ್ಮ ಎಲ್ಲರಿಗಿಂತ ಜೋರಾಗಿ ಹೂಂ ಅಂದಳು.

ನಾನು ಜ್ಯೋತಿಲಕ್ಷ್ಮಿ. ವಯಸ್ಸು ಐವತ್ತನಾಲ್ಕು, ಸರ್ಕಾರಿ ಕೆಲಸ, ಮದುವೆಯಿಲ್ಲ, ಬಲಗಾಲು ಕುಂಟು. ಎಂಟು ವರ್ಷದವಳಿದ್ದಾಗ ಸಾಲುಮನೆಯ ನೀರಿನ ಟ್ಯಾಂಕಿನ ಮೆಟ್ಟಿಲಿಂದ ಬಿದ್ದೆ. ಆವತ್ತಿಂದ ಈ ಕಾಲು ಮಡಚಿಲ್ಲ. ಬಸ್ಸಿನಲ್ಲಿ ಕೂತರೆ ಓಡಾಡುವ ದಾರಿಗೆ ಅಡ್ಡ ಚಾಚಿಕೊಂಡಿರುತ್ತದೆ, ಹತ್ತುವವರು ಇಳಿಯುವವರು ಎಲ್ಲರೂ ಬೈದುಕೊಂಡು ದಾಟುತ್ತಾರೆ. ರಂಜಿನಿಯ ಮಂಡಿಯ ಬಗ್ಗೆ ಡಾಕ್ಟರು ಹೇಳುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ನಮ್ಮ ಮನೆಗೆ ಇಂಥ ಕಾಲು ಒಂದು ಸಾಕು, ಎರಡನೆಯದು ಬೇಡ.

ಫಿಸಿಯೋಥೆರಪಿಯ ಹುಡುಗಿ ಬಂದು ಟವೆಲ್ ಸುರುಳಿ ಸುತ್ತಿ ಮಗುವಿನ ಹಿಮ್ಮಡಿಯ ಕೆಳಗೆ ಇಟ್ಟಳು. "ಮಂಡಿ ಕೆಳಗೆ ಮಾತ್ರ ಏನೂ ಇಡ್ಬೇಡಿ. ಅಲ್ಲಿ ಖಾಲಿ ಇದ್ರೆ ಕಾಲು ತಾನಾಗೇ ನೆಟ್ಟಗಾಗತ್ತೆ," ಅಂದಳು. ಮಗು ಮುಖ ಕಿವುಚಿತು. ಹುಡುಗಿ ಆ ಕಡೆ ಹೋದಳೋ ಇಲ್ಲವೋ, ಅಮ್ಮನ ಬಾಯಿ ಶುರುವಾಯಿತು.

"ಮಟನ್ ಅಂಗಡೀಲಿ ತೊಡೆ ನೇತು ಹಾಕ್ದಂಗೆ ಹಾಕವ್ಳಲ್ಲ ಮಗೂ ಕಾಲ್ನ! ಅವಳಿಗೇನು ಹೆತ್ತ ಅನುಭವ ಇದ್ಯಾ?"

ಮಾರನೇ ದಿನ ಆಫೀಸು ಮುಗಿಸಿ ಬಂದು ನೋಡುತ್ತೇನೆ, ಟವೆಲ್ ಕಿಟಕಿಯ ಮೇಲೆ ಒಣಗುತ್ತಿದೆ. ಮಗುವಿನ ಮಂಡಿಯ ಕೆಳಗೆ ಒಂದು ದಪ್ಪ ದಿಂಬು. ಮೆತ್ತಗಿರಲಿ ಅಂತ ಅಮ್ಮ ತನ್ನ ಹಳೇ ನೂಲಿನ ಸೀರೆಯನ್ನು ಅದಕ್ಕೆ ಸುತ್ತಿದ್ದಾಳೆ. ಮಗು ಕಾಲು ಅರ್ಧ ಮಡಚಿಕೊಂಡು ಹಾಯಾಗಿ ಮೊಬೈಲ್ ನೋಡುತ್ತಿದೆ. ಅಮ್ಮ ಪಕ್ಕದಲ್ಲಿ ಕೂತು ಕಾಲು ಸೂಪು ಕುಡಿಸುತ್ತಿದ್ದಾಳೆ.

"ದಿಂಬು ಯಾಕಿಟ್ಟೆ?" ಅಂದೆ.

"ಮಗೂಗೆ ಹಿತವಾಗೈತೆ, ಬಿಡೇ."

"ಡಾಕ್ಟ್ರು ಹೇಳಿದ್ದು ನಿನ್ನ ಕಿವೀಗೆ ಬಿತ್ತಾ ಇಲ್ವಾ?"

"ಡಾಕ್ಟ್ರು ಹೇಳ್ತಾರೆ, ಹೋಗ್ತಾರೆ. ಪಕ್ಕದಲ್ಲಿ ಕೂತ್ಕೊಂಡು ಮಗೂ ಮುಖ ನೋಡೋರು ನಾವು."

ದಿಂಬನ್ನು ಎಳೆದೆ. ಮಗು "ಬೇಡ ಅತ್ತೇ" ಅಂತ ಕಿರುಚಿಕೊಂಡಿತು. ಹಿಮ್ಮಡಿಯ ಕೆಳಗೆ ಟವೆಲ್ ಇಟ್ಟು ಫ್ಲಾಸ್ಕ್ ತೊಳೆಯಲು ಹೋದೆ. ಬರುವಷ್ಟರಲ್ಲಿ ದಿಂಬು ತನ್ನ ಜಾಗಕ್ಕೆ ವಾಪಸ್ ಬಂದಿತ್ತು. ಆಮೇಲೆ ದಿನವೂ ಇದೇ ಆಟ. ನಾನು ತೆಗೆಯುವುದು, ಅವಳು ಇಡುವುದು. ಕುಂಟನಿಗೆ ಎಂಟು ಚೇಷ್ಟೆ ಅಂತ ಗಾದೆಯಿದೆಯಲ್ಲ, ನಮ್ಮ ಮನೆಯಲ್ಲಿ ಯಾರೂ ನನ್ನೆದುರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ವಾರ ಎಲ್ಲರ ಮುಖದ ಮೇಲೂ ಅದೇ ಇತ್ತು.

ಹಗಲೆಲ್ಲ ಅಮ್ಮನದೇ ದರ್ಬಾರು. ಫಿಸಿಯೋ ಹುಡುಗಿ ಬಂದಾಗಲೆಲ್ಲ "ಮಗು ಈಗ್ತಾನೆ ಕಣ್ಣು ಮುಚ್ಚೈತೆ, ಆಮೇಲೆ ಬಾರಮ್ಮ," ಅಂತ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳಂತೆ. ಆ ಹುಡುಗಿಯೂ ಅಂಥ ಹಠದವಳಲ್ಲ. ಅವಳಿಗೆ ಇನ್ನೆಷ್ಟೋ ಮಂಚಗಳಿದ್ದವು, ಹೋದಳು. ನಾದಿನಿ ಮಾತು ಯಾರು ಕೇಳುತ್ತಾರೆ ಅಂದುಕೊಂಡೇ ತಮ್ಮನ ಹೆಂಡತಿ ಸುಕನ್ಯಳಿಗೆ ಹೇಳಿದೆ. "ಅತ್ತೆಗೆ ಎದುರು ಮಾತಾಡಕ್ಕಾಗತ್ತಾ ಅಕ್ಕ?" ಅಂದಳು. ಪ್ರಸನ್ನನಿಗೆ ಹೇಳಿದೆ. "ಸಂಜೆ ಮಾತಾಡ್ತೀನಿ," ಅಂದ. ಅವನ ಸಂಜೆ ಇವತ್ತಿನವರೆಗೂ ಬಂದಿಲ್ಲ.

ನೋಡಲು ಬಂದ ನೆಂಟರಿಗೆಲ್ಲ ಅಮ್ಮ ನನ್ನನ್ನೇ ತೋರಿಸುತ್ತಿದ್ದಳು. "ಇವಳು ಬಿದ್ದಾಗ್ಲೂ ಹಿಂಗೇ. ಮೂರು ತಿಂಗಳು ಕೆಳಗೆ ಕಾಲಿಡಿಸ್ಲಿಲ್ಲ ನಾನು. ಉಚ್ಚೆ ಕಕ್ಕ ಎಲ್ಲ ಹಾಸಿಗೇಲೇ. ಒಂದಿನ ಅಸಹ್ಯ ಪಟ್ಕೊಂಡಿಲ್ಲ." ನೆಂಟರು ಕಣ್ಣರಳಿಸಿ "ತಾಯಿ ಅಂದ್ರೆ ನೀವು" ಅನ್ನುತ್ತಿದ್ದರು. ನಾನೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಆಕೆ ಸುಳ್ಳೇನೂ ಹೇಳುತ್ತಿರಲಿಲ್ಲವಲ್ಲ.

ಶನಿವಾರ ಬೆಳಗ್ಗೆ ಡಾಕ್ಟರು ರೌಂಡ್ಸಿಗೆ ಬಂದಾಗ ನಾವೆಲ್ಲ ಇದ್ದೆವು. ಅವರ ಹಿಂದೆ ಕಲಿಯುವ ಹುಡುಗ ಹುಡುಗಿಯರ ಒಂದು ದಂಡು. ಮಗುವಿನ ಕಾಲು ಎತ್ತಿ ಮಡಚಲು ನೋಡಿದರು. ಅರ್ಧಕ್ಕೂ ಬರಲಿಲ್ಲ. ನೆಟ್ಟಗೆ ಮಾಡಲು ನೋಡಿದರು. ಅದೂ ಆಗಲಿಲ್ಲ, ಮಂಡಿ ಹಾಸಿಗೆಯಿಂದ ಮೇಲೆಯೇ ನಿಂತಿತು. ಡಾಕ್ಟರ ಹುಬ್ಬು ಗಂಟಿಕ್ಕಿತು.

"ಏನ್ರೀ ಇದು? ಎಕ್ಸರ್ಸೈಸ್ ಮಾಡಿಸಿಲ್ವಾ?"

ನಾನು ಬಾಯಿ ತೆರೆಯಲೆಂದು ಸ್ಟೂಲಿನಿಂದ ಎದ್ದೆ. ಡಾಕ್ಟರು ನನ್ನ ಮುಖ ನೋಡಲೇ ಇಲ್ಲ, ಕಾಲು ನೋಡಿದರು.

"ಅಮ್ಮಾ, ನೀವು ಆ ಬಾಗಿಲ ತನಕ ಹೋಗಿ ಬನ್ನಿ."

"ನಾನಾ?"

"ಹೂಂ, ನೀವೇ. ನಡೀರಿ."

ನಡೆದೆ. ಎಂಟನೇ ವಯಸ್ಸಿನಿಂದ ಜನ ನನ್ನ ನಡಿಗೆಯನ್ನು ಕದ್ದು ನೋಡಿದ್ದಾರೆ, ಕೇಳಿ ನೋಡಿದವರು ಇವರೊಬ್ಬರೇ. ಬಲಗಾಲನ್ನು ಸುತ್ತಿ ಎಳೆದು ಹಾಕುತ್ತಾ ಬಾಗಿಲು ಮುಟ್ಟಿ ಬಂದೆ. ಆ ಮಕ್ಕಳೆಲ್ಲ ಗಂಭೀರವಾಗಿ ನೋಡಿದರು. ಪಕ್ಕದ ಮಂಚದವರೂ ನೋಡಿದರು.

"ಪೋಲಿಯೋ ಅಲ್ಲ ಇದು. ಏನಾಗಿತ್ತು?"

"ಚಿಕ್ಕೋಳಿದ್ದಾಗ ಬಿದ್ದೆ ಸಾರ್. ಪಟ್ಟಿ ಹಾಕಿ ಬಿಚ್ಚಿದ್ರು."

"ಬಿಚ್ಚಿದ ಮೇಲೆ?"

ಉತ್ತರ ಕೊಟ್ಟವಳು ಅಮ್ಮ. ಅದೇ ಹೆಮ್ಮೆಯ ದನಿ. "ಮೂರು ತಿಂಗಳು ಕೆಳಗೆ ಕಾಲಿಡಿಸ್ಲಿಲ್ಲ ಸಾಮಿ. ಮಂಡಿ ಕೆಳಗೆ ದಿಂಬು ಕೊಟ್ಟು, ಆಮೇಲೆ ಕಾಲಿಗೆ ಹಲಗೆ ಕಟ್ಟಿ, ಅಲ್ಲಾಡದಂಗೆ ಹೂವಿನಂಗೆ ನೋಡ್ಕೊಂಡೆ."

ಡಾಕ್ಟರು ಆ ಮಕ್ಕಳ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ಬಿದ್ದಿದ್ರಿಂದ ಇವರ ಮಂಡಿ ಹೀಗಾಗಿದ್ದಲ್ಲ. ಮಲಗಿಸಿದ್ರಿಂದ ಆಗಿದ್ದು. ಆಗ ಮಡಚಿಸಿ ನಡೆಸಿದ್ದಿದ್ರೆ ಇವತ್ತು ನಮ್ಮ ನಿಮ್ಮ ಹಾಗೇ ನಡೀತಿದ್ರು." ಆಮೇಲೆ ಸುಕನ್ಯಳಿಗೆ ಹೇಳಿದರು. "ಮುಂದಿನ ಶನಿವಾರ ನೋಡ್ತೀನಿ. ತೊಂಬತ್ತು ಡಿಗ್ರಿ ಬಗ್ಗದಿದ್ರೆ ಮತ್ತೆ ಪ್ರಜ್ಞೆ ತಪ್ಪಿಸಿ ಬಲವಂತವಾಗಿ ಬಗ್ಗಿಸ್ಬೇಕು. ಎಳೇ ಎಲುಬು, ಬಗ್ಗಿಸೋವಾಗ ಮುರಿದ್ರೂ ಮುರೀಬಹುದು. ಇಲ್ಲಾಂದ್ರೆ ಈ ಅಮ್ಮನ ಕಾಲಿನ ಥರ ಆಗತ್ತೆ. ಯೋಚನೆ ಮಾಡಿ."

ಅಷ್ಟು ಹೇಳಿ ಪಕ್ಕದ ಮಂಚಕ್ಕೆ ಹೋಗಿ, ಅಲ್ಲಿದ್ದವನನ್ನು ಊಟ ಸೇರುತ್ತಿದೆಯಾ ಅಂತ ವಿಚಾರಿಸಿದರು.

ಇಷ್ಟು ವರ್ಷ ನಾನು ಆ ಟ್ಯಾಂಕಿನ ಮೆಟ್ಟಿಲನ್ನು ಶಪಿಸಿದ್ದೆ. ಮಿಲ್ಲು ಹೋಗಿ, ಸಾಲುಮನೆ ಹೋಗಿ, ಅಲ್ಲಿ ಅಪಾರ್ಟ್‌ಮೆಂಟು ಎದ್ದಾಗ ಆ ಮೆಟ್ಟಿಲೂ ಮಣ್ಣಾಯಿತಲ್ಲ ಅಂತ ಖುಷಿಪಟ್ಟಿದ್ದೆ. ಪಾಪ, ಆ ಮೆಟ್ಟಿಲು ಏನು ಮಾಡಿತ್ತು! ಗಂಡಿನ ಕಡೆಯವರು ಬಂದಾಗ "ಅವರು ಹೋಗೋ ತನಕ ಏಳ್ಬೇಡ, ಕೂತಿದ್ರೆ ಲಕ್ಷಣವಾಗಿ ಕಾಣ್ತೀಯ," ಅಂದವಳು ಇದೇ ಅಮ್ಮ. ಅವರು ಹೋದ ಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು "ಎಲ್ಲ ನಿನ್ನ ಹಣೆಬರಹ," ಅಂದವಳೂ ಇವಳೇ. ಹಣೆಬರಹ ಬರೆದ ಕೈ ನನ್ನ ಪಕ್ಕದಲ್ಲೇ ಕೂತು ನನಗೆ ಸೂಪು ಕುಡಿಸುತ್ತಿತ್ತು ಅಂತ ಯಾರು ಹೇಳಬೇಕಿತ್ತು?

ಅಮ್ಮನನ್ನು ಹೊರಗೆ ವರಾಂಡಕ್ಕೆ ಕರೆದುಕೊಂಡು ಹೋದೆ.

"ಕೇಳಿಸ್ತಾ ಅವರು ಹೇಳಿದ್ದು?"

"ಅವರು ದೊಡ್ಡೋರು, ಏನೋ ಹೇಳ್ತಾರೆ. ನಿನ್ನ ಗ್ರಾಚಾರಕ್ಕೆ ನಾನೇನು ಮಾಡ್ಲಿ?"

"ಗ್ರಾಚಾರ ಅಲ್ಲಮ್ಮ. ನೀನು. ನೀನು ಮಾಡಿದ್ದು."

ಅಮ್ಮ ನನ್ನ ಮುಖವನ್ನೇ ನೋಡಿದಳು. "ನಿದ್ದೆಗೆಟ್ಟು ನಿನ್ನ ಹೇಲುಚ್ಚೆ ಬಳಿದಿದ್ದು ತಪ್ಪಾಯ್ತಾ? ಆ ಕಾಲು ಹಂಗಿದ್ದದ್ದಕ್ಕೆ ತಾನೇ ಅಂಗವಿಕಲರ ಕೋಟಾದಲ್ಲಿ ನಿಂಗೆ ಕೆಲ್ಸ ಸಿಕ್ಕಿದ್ದು? ಆ ಕಾಲೇ ನಿಂಗೆ ಅನ್ನ ಹಾಕ್ತಿರೋದು, ತಿಳ್ಕೋ."

ಮೈಯೆಲ್ಲ ಉರಿದುಹೋಯಿತು. ಇವಳು ಇದನ್ನು ಸಮಾಧಾನಕ್ಕೆ ಹೇಳಿದ್ದಳು, ಚುಚ್ಚಲು ಅಲ್ಲ. ಅದೇ ಇನ್ನೂ ಸಂಕಟ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ನಿನ್ನ ಬಾಣಂತನಕ್ಕಿಷ್ಟು ಬೆಂಕಿ ಹಾಕ, ನನ್ನ ಮುಗಿಸಿದ್ದು ಸಾಲದು ಅಂತ ಈ ಮಗೂನೂ ಮುಗಿಸ್ತಿದೀಯ ಅಂದೆ. ಅಮ್ಮ ಅಲ್ಲೇ ಬೆಂಚಿನ ಮೇಲೆ ಕುಸಿದು ಎದೆ ಬಡಿದುಕೊಂಡು ಅತ್ತಳು. ಆಯಾಗಳು ಓಡಿ ಬಂದರು. ಎಂಬತ್ತರ ಮುದುಕಿ ಅಳುತ್ತಿದ್ದರೆ ಲೋಕಕ್ಕೆ ಇನ್ನೇನು ಕಾಣುತ್ತದೆ? ಪ್ರಸನ್ನ ಬಂದು ಅವಳ ಭುಜ ಹಿಡಿದ.

"ಏನಕ್ಕ ನೀನು! ಆಗಿದ್ದು ಆಗೋಯ್ತು. ಈಗ ಅಮ್ಮನ್ನ ಅಳಿಸಿದ್ರೆ ನಿನ್ನ ಕಾಲು ಸರಿ ಹೋಗತ್ತಾ?"

"ನನ್ನ ಕಾಲು ಹಾಳಾಗೋಗ್ಲಿ ಕಣೋ. ನಿನ್ನ ಮಗಳ ಕಾಲು ನೋಡು," ಅಂದೆ.

ಡಾಕ್ಟರ ಮಾತಿಗೆ ಹೆದರಿ ಸುಕನ್ಯ ಮಾರನೇ ದಿನ ಫಿಸಿಯೋ ಹುಡುಗಿಯನ್ನು ತಾನೇ ಕರೆಸಿದಳು. ಸಂತೋಷವಾಯಿತು. ಹುಡುಗಿ ಮಂಡಿ ಹಿಡಿದು ಒತ್ತುತ್ತಿದ್ದಂತೆ ಮಗು ಇಡೀ ವಾರ್ಡು ಎದ್ದು ಕೂರುವ ಹಾಗೆ ಅರಚಿತು. "ಅಮ್ಮಾ, ಅಮ್ಮಾ" ಅಂತ ಸುಕನ್ಯಳ ವೇಲ್ ಹಿಡಿದು ಜಗ್ಗಿತು. ಸುಕನ್ಯ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಆ ಹುಡುಗಿಯ ಕೈಯನ್ನೇ ಕಿತ್ತು ಹಾಕಿದಳು.

"ಸಾಕು ಬಿಡ್ರೀ! ಸಾಯಿಸ್ತೀರಾ ಏನು?"

"ಸುಕನ್ಯ, ಇನ್ನೊಂದು ಸ್ವಲ್ಪ ತಡ್ಕೋ," ಅಂದೆ.

ಅವಳು ನನ್ನ ಕಡೆ ತಿರುಗಿದಳು. ಜಗಳದ ದನಿಯಲ್ಲ, ಅಳುವ ದನಿ. "ಹೆತ್ತ ಕರುಳು ಅಕ್ಕ. ನಿಮಗೆ ಗೊತ್ತಾಗಲ್ಲ."

ಸರಿಯಮ್ಮ. ಹೆತ್ತ ಕರುಳು ಏನು ಮಾಡುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಬ್ಯಾಗು ತೆಗೆದುಕೊಂಡು ಹೊರಟೆ.

ಮೆಟ್ಟಿಲ ಹತ್ತಿರ ಪ್ರಸನ್ನ ಹಿಂದಿನಿಂದ ಬಂದ. ಸುತ್ತ ಮುತ್ತ ನೋಡಿ ದನಿ ತಗ್ಗಿಸಿದ.

"ಅಕ್ಕ, ನೀನು ರಜ ಹಾಕು. ಹಗಲು ಹೊತ್ತು ನೀನೇ ಇರು. ಅಮ್ಮಂಗೆ ಬಿ.ಪಿ. ಜಾಸ್ತಿ ಆಗಿದೆ ಅಂತ ಹೇಳಿ ಮನೇಲೇ ಕೂರಿಸ್ತೀನಿ. ಸುಕನ್ಯಂಗೂ ಸ್ಕೂಲಲ್ಲಿ ರಜ ಮುಗೀತು, ಡ್ಯೂಟೀಗೆ ಹೋಗ್ಲೇಬೇಕು."

"ನೀನೇ ಯಾಕೆ ಕೂರಲ್ಲ?"

"ನನ್ ಕೈಲಿ ಆಗಲ್ಲ ಅಕ್ಕ, ಅವಳು ಅತ್ರೆ. ಮತ್ತೆ... ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ. ನೀನೇ ಹಠ ಮಾಡಿ ಕೂತೆ ಅಂತ ಇರ್ಲಿ."

ಭೇಷ್, ತಮ್ಮಾ! ಮಗಳ ಕಾಲು ಸರಿಯಾಗಬೇಕು, ಹೆಂಡತಿಗೂ ತಾಯಿಗೂ ತಾನು ಒಳ್ಳೆಯವನಾಗಿಯೇ ಇರಬೇಕು. ಕೆಟ್ಟವಳಾಗಲು ಮನೆಯಲ್ಲಿ ಒಬ್ಬಳು ಇದ್ದೇ ಇದ್ದಾಳಲ್ಲ, ಗಂಡನಿಲ್ಲ, ಮಕ್ಕಳಿಲ್ಲ, ಕಳೆದುಕೊಳ್ಳಲು ಅವಳಿಗೇನಿದೆ ಅಂತ ಲೆಕ್ಕ. ಹಾಗಿಲ್ಲ ಅಂತ ಅವನಿಗೂ ಗೊತ್ತಿತ್ತು. ದಿನಾ ಸಂಜೆ ರಂಜಿನಿ ಮಹಡಿಯಿಂದ ಇಳಿದು ನನ್ನ ಹತ್ತಿರ ಬರುತ್ತಿದ್ದಳು. ನಾನೂ ಅಮ್ಮನೂ ಕೆಳಗಿನ ಮನೆಯಲ್ಲಿರುವುದು, ಅವರು ಮೇಲೆ. ಅಂಗಡಿಗೆ ಹೋಗುವಾಗ ನನ್ನ ಕೈ ಹಿಡಿದು ನನ್ನ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿ ನಿಧಾನ ನಡೆಯುವ ಒಂದೇ ಜೀವ ಅದು. ನನಗೆ ಲೋಕದಲ್ಲಿ ಇದ್ದದ್ದು ಅದೊಂದೇ.

ಆದರೂ ರಜ ಹಾಕಿದೆ.

ಸೋಮವಾರ ನಾವಿಬ್ಬರೇ ಇದ್ದೆವು. ಮಗು ಗೋಡೆಗೆ ಮುಖ ತಿರುಗಿಸಿ ಮಲಗಿತ್ತು. ನಾನು ಮಂಚದ ಸುತ್ತ ಪರದೆ ಎಳೆದೆ. ಸ್ಟೂಲಿನ ಮೇಲೆ ಕೂತು, ಸೀರೆಯನ್ನು ತೊಡೆಯ ತನಕ ಮೇಲೆತ್ತಿದೆ. ಇದನ್ನು ನಾನು ಯಾರಿಗೂ ತೋರಿಸಿದವಳಲ್ಲ. ಸ್ನಾನ ಮಾಡುವಾಗ ನಾನೇ ನೋಡುವುದಿಲ್ಲ.

"ಇಲ್ನೋಡು ರಂಜೂ."

ಮಗು ತಿರುಗಿತು. ಸೌದೆಯಂತೆ ಒಣಗಿದ ತೊಡೆಯನ್ನು, ಗಂಟುಗಟ್ಟಿದ ಮಂಡಿಯನ್ನು ನೋಡಿತು. ಕೈ ಚಾಚಿ ಮುಟ್ಟಿತು. ಎರಡೂ ಕೈಯಿಂದ ಒತ್ತಿ ಮಡಚಲು ನೋಡಿತು.

"ಬಗ್ಗಲ್ವಾ ಅತ್ತೆ?"

"ಬಗ್ಗಲ್ಲ."

"ನೋಯತ್ತಾ?"

"ಇಲ್ಲ ಕಂದ. ಒಂಚೂರೂ ನೋಯಲ್ಲ. ನನ್ನ ಯಾರೂ ನೋಯಿಸ್ಲೇ ಇಲ್ಲ."

ಮಗು ತನ್ನ ಮಂಡಿ ನೋಡಿಕೊಂಡಿತು. ಆಮೇಲೆ ತಾನೇ ದಿಂಬನ್ನು ಕೆಳಗೆ ತಳ್ಳಿತು. ಫಿಸಿಯೋ ಹುಡುಗಿಯನ್ನು ಕರೆದೆ. ಅವಳು ಮಡಚಿದಳು, ನಾನು ಮಗುವಿನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡೆ. ಅವಳು ಹೇಳಿಕೊಟ್ಟದ್ದನ್ನು ಅವಳು ಹೋದ ಮೇಲೆ ನಾನು ಮಾಡಿಸಿದೆ. ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಮಾಡಿಸಿದೆ.

ಮೊದಲ ದಿನದ ಧೈರ್ಯ ಎರಡನೇ ದಿನ ಇರುತ್ತದೆಯೇ, ಅದು ಮಗು. ಮಂಗಳವಾರ ಕೈ ಮುಗಿದು ಬೇಡಿಕೊಂಡಿತು. "ಇವತ್ತೊಂದಿನ ಬೇಡ ಅತ್ತೆ, ನಾಳೆ ಮಾಡ್ತೀನಿ, ಪ್ರಾಮಿಸ್." ಮಾಡಿಸಿದೆ. ಬುಧವಾರ ನನ್ನ ಕೈ ಕಚ್ಚಿತು. ಮಾಡಿಸಿದೆ. ಗುರುವಾರ ನಾನು ಪರದೆ ಎಳೆಯುವ ಸದ್ದಿಗೇ ಅದರ ಮೈ ನಡುಗಲು ಶುರುವಾಯಿತು. "ನೀವು ಕೆಟ್ಟೋರು. ಅಜ್ಜಿ ಬೇಕು. ನೀವು ಕುಂಟಿ ಅಂತ ನನ್ ಮೇಲೆ ಹೊಟ್ಟೆಕಿಚ್ಚು ನಿಮಗೆ." ಈ ಮಾತು ಹತ್ತು ವರ್ಷದ ಮಗುವಿನದಲ್ಲ. ರಾತ್ರಿ ಫೋನಿನಲ್ಲಿ ಯಾರೋ ಯಾರಿಗೋ ಹೇಳಿದ್ದು ಅದರ ಕಿವಿಗೆ ಬಿದ್ದಿತ್ತು. ಮಾಡಿಸಿದೆ. ಆಸ್ಪತ್ರೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು ಬಂದು ಮತ್ತೆ ಮಾಡಿಸಿದೆ.

ಶನಿವಾರ ಡಾಕ್ಟರು ಬಂದು ಮಡಚಿ ನೋಡಿದರು. ತೊಂಬತ್ತು ದಾಟಿತು. ಚಾಚಿದರೆ ಮಂಡಿ ಹಾಸಿಗೆಗೆ ತಾಗಿತು. "ವೆರಿ ಗುಡ್! ಯಾರು ಮಾಡಿಸಿದ್ದು?" ಅಂದರು. ಪ್ರಸನ್ನ ಮೊಬೈಲ್ ನೋಡಿಕೊಂಡ. ಸುಕನ್ಯ ಮಗಳ ತಲೆ ಸವರುತ್ತಾ, "ಎಲ್ಲರೂ ಸೇರಿ ನೋಡ್ಕೊಂಡ್ವಿ ಸಾರ್," ಅಂದಳು.

ಮನೆಗೆ ಬಂದ ದಿನ ಅಮ್ಮ ಬಾಗಿಲಲ್ಲೇ ದೃಷ್ಟಿ ತೆಗೆದಳು. ಮಗು ವಾಕರ್ ಬಿಟ್ಟು ಅವಳನ್ನು ತಬ್ಬಿಕೊಂಡಿತು. ನೋಡಲು ಬಂದ ನೆಂಟರಿಗೆಲ್ಲ ಅಮ್ಮ ಈಗ ಹೊಸ ಕಥೆ ಹೇಳುತ್ತಾಳೆ. "ದಿನಾ ಕಾಲು ಸೂಪು ಕಾಯಿಸಿ ಕಳಿಸ್ದೆ ನೋಡಿ. ಡಾಕ್ಟ್ರೇ ಬೆರಗಾಗ್ಬಿಟ್ರು." ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತೇನೆ. ಒಂದೇ ಮನೆಯಲ್ಲಿದ್ದರೂ ಅವಳು ನನ್ನ ಜೊತೆ ಮಾತಾಡುವುದಿಲ್ಲ. ತಟ್ಟೆಗೆ ಅನ್ನ ಬಡಿಸಿ ನೆಲಕ್ಕೆ ಕುಕ್ಕುತ್ತಾಳೆ, ಅದೇ ಊಟಕ್ಕೆ ಕರೆದ ಹಾಗೆ. ಕುಕ್ಕಲಿ. ಸಾಯುವವರೆಗೂ ತಾನು ಮಾಡಿದ್ದು ಸರಿ ಅಂತಲೇ ಸಾಯುತ್ತಾಳೆ. ನಾನೂ ಕ್ಷಮಿಸುವುದಿಲ್ಲ, ಅವಳು ಕೇಳಿಲ್ಲವಲ್ಲ.

ರಂಜಿನಿ ಮಾತ್ರ ಕೆಳಗಿಳಿದು ನನ್ನ ಹತ್ತಿರ ಬರುವುದನ್ನು ಬಿಟ್ಟಳು. ಮೊದಮೊದಲು ನಾನು ಹತ್ತಿರ ಹೋದರೆ ಕಾಲನ್ನು ಫ್ರಾಕಿನೊಳಗೆ ಎಳೆದುಕೊಳ್ಳುತ್ತಿದ್ದಳು. ಚಾಕೊಲೇಟ್ ಕೊಟ್ಟರೆ ತೆಗೆದುಕೊಳ್ಳುತ್ತಾಳೆ, ಕೈ ತಾಗದ ಹಾಗೆ. ವಾಕರ್ ಹೋಯಿತು, ಸ್ಕೂಲ್ ಶುರುವಾಯಿತು, ಆ ಹೆದರಿಕೆ ಹೋಗಲಿಲ್ಲ. ಮರೀತಾಳೆ ಬಿಡಕ್ಕ, ಮಕ್ಕಳು ಅಂತಾನೆ ಪ್ರಸನ್ನ. ಮರೆಯಬಹುದು.

ಈಗ ಸಂಜೆ ನಾನು ಆಫೀಸಿನಿಂದ ಬಂದು ಗೇಟು ತೆಗೆದ ಸದ್ದಾದರೆ ಸಾಕು, ಅಂಗಳದಲ್ಲಿ ಆಡುತ್ತಿದ್ದವಳು ಎದ್ದು, ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ, ತಿರುಗಿ ಕೂಡ ನೋಡದೆ ಮೇಲಕ್ಕೆ ಓಡಿಹೋಗುತ್ತಾಳೆ. ನಾನು ಕರೆಯುವುದಿಲ್ಲ. ಗೇಟಿನ ಹತ್ತಿರವೇ ನಿಂತು ಅವಳ ಮಂಡಿ ನೋಡುತ್ತೇನೆ. ಎರಡೂ ಒಂದೇ ಸಮ ಮಡಚುತ್ತವೆ.